ಹಿಂದೆ ಬಿದ್ದೆ ಅನ್ನಿಸಿದಾಗ: ಒಂದು ನೋಟ್‌ಬುಕ್, ಎರಡು ಬಗೆಯ ಗಡುವು

"ಸರ್, ನನಗೀಗ 27. ಸಂಗಾಟ ಕಲಿತವರಿಗೆಲ್ಲ ನೌಕರಿ ಹತ್ಯಾವ, ಇಬ್ಬರದು ಲಗ್ನ ಆತು, ಒಬ್ಬಾಂವ ಮನೀನೂ ಕಟ್ಟಿಸಿದ. ನಾ ಇನ್ನೂ ಅಲ್ಲೇ ಅದೀನಿ. ಏನ್ ಮಾಡ್ಲಿ?"

ಈ ಮಾತು ನನಗೆ ಇಂಡಿಯಿಂದ ಬರುತ್ತದೆ, ಮುಧೋಳದಿಂದ ಬರುತ್ತದೆ, ಗೋಕಾಕದಿಂದ ಬರುತ್ತದೆ. 27 ಇದ್ದದ್ದು ಒಮ್ಮೆ 23 ಆಗಿರುತ್ತದೆ, ಒಮ್ಮೆ 33. ಹುಡುಗಿಯರು ಬರೆದರೆ ಲಗ್ನ ಮೊದಲು ಬರುತ್ತದೆ, ನೌಕರಿ ಆಮೇಲೆ. ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಗಿ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ.

"ಎಲ್ಲಾರಿಗೂ ಅವರವರ ಟೈಮ್ ಬರತೈತಿ" ಎಂಬ ಸಮಾಧಾನ ಇಲ್ಲಿ ಸಿಗುವುದಿಲ್ಲ. ಅದು ಅರ್ಧ ಸುಳ್ಳು. ತಡವಾಗಿ ಗೆದ್ದವರ ಕಥೆಗಳನ್ನೂ ಹೇಳುವುದಿಲ್ಲ. ಗೆದ್ದವರ ಕಥೆ ನಮ್ಮವರೆಗೆ ಬರುತ್ತದೆ, ಗೆಲ್ಲದವರದು ದಾರಿಯಲ್ಲೇ ಉಳಿಯುತ್ತದೆ. ಮುಂಗಾರಿ ತಪ್ಪಿದರೇನು, ಹಿಂಗಾರಿ ಇದೆಯಲ್ಲ ಎಂದು ಹಿರಿಯರು ಹೇಳುವುದುಂಟು. ಆದರೆ ಎರಿ ಹೊಲದವರಿಗೆ ಗೊತ್ತು, ಹಿಂಗಾರಿ ಜೋಳಕ್ಕೂ ಬಿತ್ತುವ ಕಾಲ ಅಂತ ಒಂದಿದೆ. ಸೆಪ್ಟೆಂಬರ್-ಅಕ್ಟೋಬರಿನ ಹದ ಬಿಟ್ಟು ಡಿಸೆಂಬರಿನಲ್ಲಿ ಕೂರಿಗೆ ಹೂಡಿದರೆ ನೆಲದಲ್ಲಿ ಹಸಿ ಉಳಿದಿರುವುದಿಲ್ಲ.

ಹಿಂದೆ ಬಿದ್ದೆ ಎಂಬ ಸಂಕಟದಲ್ಲಿ ಎರಡು ಬಗೆಯ ಗಡುವು ಕಲಸಿಹೋಗಿರುತ್ತವೆ. ಒಂದು, ನಿಜವಾಗಿಯೂ ಮುಚ್ಚುವ ಬಾಗಿಲು. ಇನ್ನೊಂದು, ಮಂದಿ ಇದೆ ಅಂದದ್ದಕ್ಕೆ ಇರುವ ಬಾಗಿಲು. ಜೋಳ ಹಸನು ಮಾಡಿದ ಹಾಗೆ ಇವೆರಡನ್ನು ಬೇರೆ ಮಾಡಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಏನೇನು ಬೇಕು

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಅರ್ಜಿ ಹಾಕಿದ ಅಥವಾ ಹಾಕಬೇಕೆಂದಿರುವ ಹುದ್ದೆಗಳ ಅಧಿಸೂಚನೆ. ಎರಡು ತಾಸು ಬಿಡುವು. ಮೊಬೈಲಿನಲ್ಲಿ ಬರೆಯುತ್ತೇನೆ ಅನ್ನಬೇಡಿ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಯಾರದೋ ಎಂಗೇಜ್‌ಮೆಂಟ್ ಸ್ಟೇಟಸ್ ನೋಡುತ್ತಿರುತ್ತೀರಿ.

ಹಂತ 1: ಇದು ಬೇಸರವೋ, ಕಾಯಿಲೆಯೋ ನೋಡಿಕೊಳ್ಳಿ

ಹಿಂದೆ ಬಿದ್ದ ಬೇಸರ ಬರುತ್ತದೆ, ಹೋಗುತ್ತದೆ. ಗೆಳೆಯರ ಜೊತೆ ಚಹಾ ಕುಡಿಯುವಾಗ ಮರೆಯುತ್ತದೆ, ಮದುವೆ ಮನೆಯಲ್ಲಿ ವಾಪಸ್ ಬರುತ್ತದೆ. ಆದರೆ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಸಿದೇ ಇದ್ದರೆ, ಮೊದಲು ಇಷ್ಟವಿದ್ದ ಯಾವುದೂ ಬೇಡವಾಗಿದ್ದರೆ, ನಿದ್ದೆ, ಊಟ, ಗಮನ ಮೂರೂ ಕೆಟ್ಟಿದ್ದರೆ ಅದನ್ನು ಖಿನ್ನತೆ ಎಂದು ಅನುಮಾನಿಸಬೇಕು. ಖಿನ್ನತೆ ಸೋಮಾರಿತನವಲ್ಲ, ಸೊಕ್ಕೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ. ಹಾಗಿದ್ದರೆ ನೋಟ್‌ಬುಕ್ ಪಕ್ಕಕ್ಕಿಡಿ. ಕುಸಿದ ಮನಸ್ಸು ಪಟ್ಟಿ ಬರೆಯಲು ಕೂತರೆ ತನ್ನ ಮೇಲೆಯೇ ಚಾರ್ಜ್‌ಶೀಟ್ ಬರೆಯುತ್ತದೆ.

14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ. ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಮುಖ ಕೊಟ್ಟು ಮಾತಾಡುವುದು ಸುಲಭ ಅನ್ನುವವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುವವರಿಗೆ ಅಲ್ಲಿಯ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ.

ಬದುಕೇ ಬೇಡ ಎಂಬ ವಿಚಾರ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ, 14416 ಅಥವಾ ತುರ್ತಿಗೆ 112 ಒತ್ತಿ. ಇದನ್ನು ಮನೆಯ ಹಿರಿಯರು ಓದುತ್ತಿದ್ದರೆ ನಿಮಗೊಂದು ಮಾತು: ಹೊಲಕ್ಕೆ ತಂದ ಔಷಧಿ ಡಬ್ಬಿಗಳು ಕೈಗೆಟಕುವಂತೆ ಬೇಡ, ಬೀಗದೊಳಗೆ ಇರಲಿ, ಕೀಲಿ ನಿಮ್ಮ ಹತ್ತಿರ ಇರಲಿ.

ಇಲ್ಲಿ ಎಲ್ಲರೂ ಎಡವುವ ಜಾಗ: "ನೌಕರಿ ಹತ್ತಿದ ಮ್ಯಾಲ ತಾನ ಸರಿಹೋಗತೈತಿ." ಜ್ವರ ಇಳಿಯಲಿ ಎಂದು ರಿಸಲ್ಟ್ ಕಾಯುವವರು ಯಾರೂ ಇಲ್ಲ. ಇದಕ್ಕೂ ಕಾಯಬೇಡಿ.

ಹಂತ 2: ಗಂಟು ಬಿಚ್ಚಿ

ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ. ಯಾವುದರಲ್ಲಿ ಹಿಂದೆ? ಯಾರಿಗಿಂತ ಹಿಂದೆ? ಎಷ್ಟು ಹಿಂದೆ?

ಎರಡನೇ ಕಾಲಂ ಮುಖ್ಯ. ಅಲ್ಲಿ ಹೆಸರೇ ಬರಬೇಕು. "ಎಲ್ಲರಿಗಿಂತ" ಎಂದು ಬರೆಯುವ ಹಾಗಿಲ್ಲ. ಬರೆಯಲು ಕೂತಾಗ ನಿಮಗೇ ಆಶ್ಚರ್ಯವಾಗುತ್ತದೆ: ಎಲ್ಲರೂ ಅಂದದ್ದು ನಾಲ್ಕೈದು ಮಂದಿ. ಒಬ್ಬ ಕಾಕಾನ ಮಗ, ಡಿಗ್ರಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದ ಒಬ್ಬ, ಓಣಿಯ ಒಬ್ಬಳು, ನಿಮ್ಮ ತಮ್ಮ.

ಅಂಬಾನಿಯ ರೊಕ್ಕ ನಮಗೆ ಹೊಟ್ಟೆ ಉರಿಸುವುದಿಲ್ಲ, ಕಾಕಾನ ಮಗನ ಬುಲೆಟ್ ಗಾಡಿ ಉರಿಸುತ್ತದೆ. ಲಿಯಾನ್ ಫೆಸ್ಟಿಂಗರ್ ಎಂಬ ಮನೋವಿಜ್ಞಾನಿ 1954ರಲ್ಲಿಯೇ ಇದನ್ನು ಬರೆದಿದ್ದಾನೆ. ಅಳೆಯುವ ಕೋಲು ಬೇರೆ ಇಲ್ಲದಾಗ ಮನುಷ್ಯ ತನ್ನಂಥವರ ಜೊತೆ ತನ್ನನ್ನು ಇಟ್ಟು ಅಳೆದುಕೊಳ್ಳುತ್ತಾನೆ. ಇದಕ್ಕೆ ಸಾಮಾಜಿಕ ಹೋಲಿಕೆ ಎಂದು ಹೆಸರು. ಅಂದರೆ ಹೋಲಿಸುವುದು ನಿಮ್ಮ ದುರ್ಗುಣವಲ್ಲ, ಎಲ್ಲರಿಗೂ ಇರುವ ಚಾಳಿ. ಪೂರ್ತಿ ಬಿಡುತ್ತೇನೆ ಎಂದು ಆಣೆ ಮಾಡುವುದು ವ್ಯರ್ಥ. ಕೋಲು ಸರಿಯಿದೆಯೇ ಎಂದು ನೋಡುವುದು ನಮ್ಮ ಕೈಯಲ್ಲಿದೆ.

ಒಂದು ಉದಾಹರಣೆ ಕೊಡುತ್ತೇನೆ, ಇಂಡಿ, ಆಲಮೇಲದ ಕಡೆಯ ಓದುಗರಿಗೆ ಇದು ತಕ್ಷಣ ತಿಳಿಯುತ್ತದೆ. ನಿಮ್ಮ ಗೆಳೆಯ ಭೀಮಾ ನದಿಯ ಆಚೆ, ಅಫಜಲಪುರದವನು. ಅವನಿಗೆ ನೌಕರಿ ಆಯಿತು, ನಿಮಗೆ ಆಗಲಿಲ್ಲ. ಅವನದು ಕಲಬುರಗಿ ಜಿಲ್ಲೆ, ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿ ಅವನಿಗಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಗೆ ಅದಿಲ್ಲ. ಅವನು ಕಷ್ಟಪಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಓಡಿದ್ದು ಬೇರೆ ಬೇರೆ ಮೈದಾನದಲ್ಲಿ ಎನ್ನುತ್ತಿದ್ದೇನೆ. ಹೆಸರಿನ ಪಕ್ಕದಲ್ಲಿ ಇಂಥ ವ್ಯತ್ಯಾಸಗಳನ್ನು ಸಣ್ಣದಾಗಿ ಬರೆಯಿರಿ. ಅವನಿಗೆ ಅಪ್ಪನ ಅಂಗಡಿ ಇತ್ತು. ಅವಳ ಮನೆಯಲ್ಲಿ ಕಾಯಿಲೆಯವರಿರಲಿಲ್ಲ. ಅವನು ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ದುಡಿಯಲು ಪುಣೆಗೆ ಹೋಗಬೇಕಾಗಿರಲಿಲ್ಲ.

ಮೂರನೇ ಕಾಲಂನಲ್ಲಿ ಸಂಖ್ಯೆ ಬರೆಯಿರಿ: ಎರಡು ವರ್ಷ, ಒಂದು ಡಿಗ್ರಿ, ಮೂರು ಬ್ಯಾಕ್‌ಲಾಗ್ ಸಬ್ಜೆಕ್ಟ್. "ಬಾಳ ಹಿಂದ" ಎಂಬುದು ಸಂಖ್ಯೆಯಲ್ಲ.

ಹಂತ 3: ಖರೆ ಗಡುವು ಯಾವುದು, ಮಂದಿ ಗಡುವು ಯಾವುದು

ಈಗ ಪಟ್ಟಿಯ ಪ್ರತಿ ಸಾಲಿನ ಮುಂದೆ "ಖ" ಅಥವಾ "ಮಂ" ಎಂದು ಬರೆಯಿರಿ. ಪರೀಕ್ಷೆ ಸರಳ: ಆ ದಿನ ದಾಟಿದರೆ ಯಾವ ಕಾಗದ ನಿಮ್ಮನ್ನು ತಡೆಯುತ್ತದೆ? ಕಾಗದ ಇದ್ದರೆ ಖರೆ. ಬರೀ ಮಾತು ಇದ್ದರೆ ಮಂದಿಯದು.

ಖರೆ ಗಡುವುಗಳನ್ನು ನೆನಪಿನಿಂದ ಬರೆಯಬೇಡಿ, ಅಧಿಸೂಚನೆ ನೋಡಿ ಬರೆಯಿರಿ. ರಾಜ್ಯದ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಪೊಲೀಸ್ ಹುದ್ದೆಗಳ ಮಿತಿ ಇದಕ್ಕಿಂತ ಬಹಳ ಕೆಳಗೆ. ಯುಪಿಎಸ್‌ಸಿ ನಾಗರಿಕ ಸೇವೆಗೆ ಸಾಮಾನ್ಯ ವರ್ಗದವರು 32 ವರ್ಷದವರೆಗೆ 6 ಸಲ, ಒಬಿಸಿಯವರು 35ರವರೆಗೆ 9 ಸಲ ಬರೆಯಬಹುದು. ಪರಿಶಿಷ್ಟರಿಗೆ 37ರವರೆಗೆ, ಎಷ್ಟು ಸಲ ಎಂಬ ಮಿತಿ ಇಲ್ಲ. ಪ್ರಿಲಿಮ್ಸ್‌ನ ಒಂದೇ ಪೇಪರ್ ಬರೆದು ಎದ್ದುಬಂದರೂ ಒಂದು ಸಲ ಲೆಕ್ಕಕ್ಕೆ ಬಿತ್ತು. ಸೈನ್ಯ ಸೇರಬೇಕೆಂದು ಬೆಳಗಾವಿ ಕಡೆ ಬೆಳಿಗ್ಗೆ ಐದಕ್ಕೆ ಓಡುವ ಹುಡುಗರಿಗೆ: 2022ರಲ್ಲಿ ಅಗ್ನಿಪಥ ಬಂದಾಗ ಗೊತ್ತುಮಾಡಿದ ವಯಸ್ಸು ಹದಿನೇಳೂವರೆಯಿಂದ 21. ಆ ಮೊದಲ ವರ್ಷ ಮಾತ್ರ 23ರವರೆಗೆ ಸಡಿಲಿಸಿದ್ದರು. ಸಡಿಲಿಕೆಗಳು ಬರುತ್ತವೆ. ಬಂದರೆ ಲಾಭ ಎಂದುಕೊಳ್ಳಿ, ಬರುತ್ತದೆ ಎಂದು ನಂಬಿ ಕೂಡಬೇಡಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದಿಡಿ ಎಂದದ್ದು ಈ ಲೆಕ್ಕಕ್ಕೆ. ನಮ್ಮ ಕಡೆ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡುಬಿಟ್ಟವರು ಮನೆಗೊಬ್ಬರು ಸಿಗುತ್ತಾರೆ. ಅವ್ವ ಹೇಳುವ ದಿನ ಯಾವುದೇ ಇರಲಿ, ಕಾಗದದ ಮೇಲಿನ ದಿನವೇ ಲೆಕ್ಕ. ಯಾವ ದಿನಾಂಕಕ್ಕೆ ವಯಸ್ಸು ಎಣಿಸುತ್ತಾರೆ ಎಂಬುದನ್ನೂ ನೋಡಿ: ಯುಪಿಎಸ್‌ಸಿ ಆ ವರ್ಷದ ಆಗಸ್ಟ್ 1ಕ್ಕೆ ಎಣಿಸುತ್ತದೆ, ರಾಜ್ಯದ ಹುದ್ದೆಗಳಿಗೆ ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಕ್ಕೆ.

ಸಾಲದ ಕಂತು, ಶಿಕ್ಷಣ ಸಾಲದ ಮರುಪಾವತಿ ಶುರುವಾಗುವ ತಿಂಗಳು, ಡಿಗ್ರಿ ಮುಗಿಸಲು ವಿಶ್ವವಿದ್ಯಾಲಯ ಕೊಟ್ಟ ಗರಿಷ್ಠ ವರ್ಷ ಇವೂ ಖರೆ. ಅಪ್ಪನ ವಯಸ್ಸು, ಅವ್ವನ ಮೊಣಕಾಲು ಕೂಡ ಖರೆಯೇ, ಇವಕ್ಕೆ ಅಧಿಸೂಚನೆ ಬರುವುದಿಲ್ಲ ಅಷ್ಟೇ.

ಮಂದಿ ಗಡುವಿನ ದೊಡ್ಡಣ್ಣ ಲಗ್ನ. ಕಾನೂನು ಹೇಳುವುದು ಕೆಳಗಿನ ಮಿತಿಯನ್ನು ಮಾತ್ರ: ಹುಡುಗಿಗೆ 18, ಹುಡುಗನಿಗೆ 21. ಮೇಲಿನ ಮಿತಿ ಯಾವ ಕಾಯ್ದೆಯಲ್ಲಿಯೂ ಇಲ್ಲ. "25 ದಾಟಿದರ ಯಾರ್ ಕೇಳ್ತಾರ" ಎಂಬುದು ಓಣಿಯ ಕಾಯ್ದೆ. ಹಾಗೆಂದು ಇಲ್ಲಿ ನಾನು ಅರ್ಧ ಸತ್ಯ ಹೇಳಿ ಹೋಗುವುದಿಲ್ಲ. ಮಕ್ಕಳು ಬೇಕು ಅನ್ನುವವರಿಗೆ ದೇಹದ್ದೊಂದು ಲೆಕ್ಕ ಇದೆ. ಹೆಣ್ಣುಮಕ್ಕಳಲ್ಲಿ 35ರ ನಂತರ ಗರ್ಭ ನಿಲ್ಲುವ ಸಾಧ್ಯತೆ ಬೇಗ ಬೇಗ ಇಳಿಯುತ್ತದೆ. ಆ ಲೆಕ್ಕವನ್ನು ಡಾಕ್ಟರ ಹತ್ತಿರ ಕೇಳಿ, ಅತ್ತಿ ಹತ್ತಿರ ಅಲ್ಲ. 25ಕ್ಕೂ 35ಕ್ಕೂ ನಡುವೆ ಹತ್ತು ವರ್ಷ ಇದೆ.

ಮಂದಿ ಗಡುವಿಗೆ ಪುಸ್ತಕದ ಹೆಸರು ಸಾಮಾಜಿಕ ಗಡಿಯಾರ. ಯಾವ ವಯಸ್ಸಿಗೆ ಏನಾಗಬೇಕು ಎಂದು ಒಂದು ಸಮಾಜ ಮಾತಿಲ್ಲದೆ ಒಪ್ಪಿಕೊಂಡಿರುವ ವೇಳಾಪಟ್ಟಿ ಅದು. ಬರ್ನಿಸ್ ನ್ಯೂಗಾರ್ಟನ್ ಎಂಬ ಅಮೆರಿಕದ ಸಂಶೋಧಕಿ 1960ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದರು. ಗಡಿಯಾರ ಊರಿಗೊಂದು ಇರುತ್ತದೆ. ಬೆಂಗಳೂರಿನಲ್ಲಿ 29ಕ್ಕೆ ಯಾರೂ ಕೇಳದ ಪ್ರಶ್ನೆಯನ್ನು ಸಿಂದಗಿಯಲ್ಲಿ 23ಕ್ಕೇ ಕೇಳುತ್ತಾರೆ. ಬಸ್ ಹತ್ತಿ ಇಳಿದರೆ ಬದಲಾಗುವ ಗಡುವು ಎಷ್ಟು ಖರೆ ಇದ್ದೀತು?

ಎಚ್ಚರಿಕೆ ಎರಡೂ ಕಡೆ ಬೇಕು. ಕೆಲವರು ಎಲ್ಲ ಸಾಲಿಗೂ "ಖ" ಹಾಕಿ ಗಾಬರಿಯಾಗುತ್ತಾರೆ. ಇನ್ನು ಕೆಲವರು ಎಲ್ಲದಕ್ಕೂ "ಮಂ" ಹಾಕಿ ಆರಾಮಾಗುತ್ತಾರೆ. ಎರಡನೆಯವರನ್ನು ಕಂಡರೆ ನನಗೆ ಹೆಚ್ಚು ಭಯ. 34 ವರ್ಷ 10 ತಿಂಗಳಿಗೆ ಎಚ್ಚರಾಗುವವರು ಅವರೇ.

ಇನ್ನೊಂದು ಲೆಕ್ಕ ಇದೇ ಪುಟದಲ್ಲಿ ಮಾಡಿಬಿಡಿ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ. 24ಕ್ಕೆ ಸೇರಿದ ಗೆಳೆಯನ ಸೇವೆ 36 ವರ್ಷ, 31ಕ್ಕೆ ಸೇರಿದರೆ ನಿಮ್ಮದು 29. ಏಳು ವರ್ಷದ ವ್ಯತ್ಯಾಸ ನಿಜ, ಅದಕ್ಕೆ ರೊಕ್ಕದ ಬೆಲೆಯೂ ಇದೆ. ಆದರೆ 29 ವರ್ಷವನ್ನು ಸೊನ್ನೆ ಎಂದು ಓದಬೇಡಿ.

ಹಂತ 4: ನಿಮ್ಮದಲ್ಲದ ತಡವನ್ನು ಕಳೆಯಿರಿ

ಎರಡನೇ ಬಣ್ಣದ ಪೆನ್ನು ತೆಗೆದುಕೊಳ್ಳಿ. ಕಳೆದ ಐದಾರು ವರ್ಷಗಳನ್ನು ಸಾಲಾಗಿ ಬರೆದು, ಯಾವ ತಿಂಗಳುಗಳು ನಿಮ್ಮ ಕೈಯಲ್ಲಿ ಇರಲಿಲ್ಲ ಎಂದು ಗುರುತು ಮಾಡಿ.

545 ಪಿಎಸ್‌ಐ ಹುದ್ದೆಗಳ ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಬರೆದವರ ಬದುಕಿನಿಂದ ಎರಡು ವರ್ಷ ಮೂರು ತಿಂಗಳು ಹೋಯಿತು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೆದು, ಕನ್ನಡ ಅನುವಾದದ ತಪ್ಪುಗಳ ಕಾರಣ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರಿನಲ್ಲಿ ಸರ್ಕಾರ ನಿರ್ಧರಿಸಿದ ಮೇಲೆ ತಿಂಗಳುಗಟ್ಟಲೆ ಹೊಸ ನೇಮಕಾತಿ ನಿಂತಿತು. ಅದಕ್ಕೂ ಹಿಂದೆ ಕೋವಿಡ್. 2020ರಲ್ಲಿ 21 ವರ್ಷದವರಾಗಿದ್ದರೆ ಲೆಕ್ಕ ನೀವೇ ಹಾಕಿ.

ಒಕ್ಕಲುತನದ ಮನೆಯ ಹುಡುಗರು ಕನ್ಯಾ ಸಿಗುತ್ತಿಲ್ಲ ಎಂದು ತಮ್ಮನ್ನೇ ಬೈದುಕೊಂಡು ಬರೆಯುತ್ತಾರೆ. ಹೊಲ ಮಾಡುವವನಿಗೆ ಹೆಣ್ಣು ಕೊಡುವುದಿಲ್ಲ ಎಂಬುದು ಇವತ್ತು ಊರೂರಿನ ಕಥೆ. ಅದು ನಿಮ್ಮ ಮುಖದ ದೋಷವಲ್ಲ.

ಆದರೆ ಈ ಬಣ್ಣದ ಪೆನ್ನು ಕೈಗೆ ಬಂದರೆ ಬಿಡಲು ಮನಸ್ಸಾಗುವುದಿಲ್ಲ, ಅದೇ ಇಲ್ಲಿಯ ಕುತ್ತು. 14 ತಿಂಗಳು ಪರೀಕ್ಷೆ ಇರಲಿಲ್ಲ, ಸರಿ. ಆ 14ರಲ್ಲಿ ಓದಿದ್ದು ಎಷ್ಟು? ಮೊಬೈಲಿನಲ್ಲಿ ಬಿಜಿಎಂಐ ಗೇಮ್ ಆಡಿದ್ದು ಎಷ್ಟು? ನಿಮ್ಮದನ್ನು ನಿಮ್ಮದೆಂದೇ ಮೊದಲ ಬಣ್ಣದಲ್ಲಿ ಬರೆಯಿರಿ. ಈ ಪುಟ ಯಾರಿಗೂ ತೋರಿಸಬೇಕಾಗಿಲ್ಲ.

ಹಂತ 5: ನಿಲ್ಲಿಸುವ ದಿನ ಬರೆಯಿರಿ

ಈ ಹಂತವನ್ನು ಬಹಳ ಜನ ಜಿಗಿದು ಮುಂದೆ ಹೋಗುತ್ತಾರೆ. ಆದ್ದರಿಂದ ಸ್ವಲ್ಪ ಕೂತು ಮಾತಾಡೋಣ.

ಮೂರು ಬೋರ್ ಹೊಡೆಸಿ ನೀರು ಬೀಳದವನು ನಾಲ್ಕನೆಯದಕ್ಕೆ ಸಾಲ ತೆಗೆಯುವುದನ್ನು ನಾವೆಲ್ಲ ನೋಡಿದ್ದೇವೆ. ಕೇಳಿದರೆ, "ಇಷ್ಟ್ ಹಾಕೀವಲ್ಲ, ಈಗ ಬಿಟ್ರ ಹೆಂಗ?" ಅನ್ನುತ್ತಾನೆ. ನೆಲದೊಳಗಿನ ನೀರಿಗೆ ಇವನು ಹಾಕಿದ ರೊಕ್ಕದ ಸುದ್ದಿ ಗೊತ್ತಿರುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ನಾಲ್ಕನೇ ಪಾಯಿಂಟಿನಲ್ಲಿ ನೀರಿದೆ ಅನ್ನಲು ಗುರುತು ಏನು? ಅರ್ಥಶಾಸ್ತ್ರದಲ್ಲಿ ಇದನ್ನು ಮುಳುಗಿದ ವೆಚ್ಚ ಅನ್ನುತ್ತಾರೆ. ಯಾವ ತೀರ್ಮಾನ ತೆಗೆದುಕೊಂಡರೂ ವಾಪಸ್ ಬಾರದ, ಆದರೂ ಮುಂದಿನ ತೀರ್ಮಾನದ ಕೊರಳಿಗೆ ಜೋತುಬೀಳುವ ಖರ್ಚು.

ನಿಮ್ಮ ಓದಿನ ಗುರುತು ಹೀಗೆ ನೋಡಿ. ಕಳೆದ ಮೂರು ಪರೀಕ್ಷೆಗಳಲ್ಲಿ ನಿಮ್ಮ ಅಂಕ, ನಿಮ್ಮ ವರ್ಗದ ಕಟ್‌ಆಫ್, ನಡುವಿನ ಅಂತರ. ಅಂತರ ಸಲದಿಂದ ಸಲಕ್ಕೆ ಕಡಿಮೆಯಾಗುತ್ತಿದ್ದರೆ ಇನ್ನೊಂದು ಸಲಕ್ಕೆ ಅರ್ಥವಿದೆ. ಮೂರೂ ಸಲ ಅಷ್ಟಕ್ಕಷ್ಟೇ ಇದ್ದರೆ, ನಾಲ್ಕನೆಯ ಸಲ ಬೇರೆ ಏನು ಮಾಡುತ್ತೀರಿ ಎಂದು ಒಂದು ಸಾಲು ಬರೆಯಲು ಬರಬೇಕು. "ಇನ್ನೂ ಜೋರ ಓದತೀನಿ" ಎಂಬುದು ಉತ್ತರವಲ್ಲ.

ಆಮೇಲೆ ಪಾಸ್‌ಬುಕ್. ರೂಮ್ ಬಾಡಿಗೆ, ಮೆಸ್, ಲೈಬ್ರರಿ ಫೀ, ಟೆಸ್ಟ್ ಸೀರೀಸ್, ಊರಿಗೆ ಬಸ್ಸು ಎಲ್ಲ ಕೂಡಿಸಿ ತಿಂಗಳ ಖರ್ಚು ತೆಗೆಯಿರಿ. ಮನೆಯಿಂದ ಎಷ್ಟು ತಿಂಗಳು ಬರಬಹುದು ಎಂದು ಅಪ್ಪನನ್ನು ಕೇಳಿಯೇ ಬರೆಯಿರಿ. ಈಗ ಒಂದು ದಿನಾಂಕ ಹಾಕಿ: ಇಂಥ ಎರಡು ಅಧಿಸೂಚನೆಗಳು, ಅಥವಾ ಇಂಥ ತಿಂಗಳು, ಯಾವುದು ಮೊದಲೋ ಅದು. ಆ ದಿನ ಬಂದಾಗ ಓದು ಪೂರ್ತಿ ನಿಲ್ಲಬೇಕು ಅಂತಿಲ್ಲ. ಓದು ಸಂಜೆಗೆ ಹೋಗುತ್ತದೆ, ದುಡಿಮೆ ಹಗಲಿಗೆ ಬರುತ್ತದೆ.

ದುಡಿಮೆಯ ದಾರಿಯನ್ನು ಆ ದಿನದವರೆಗೆ ಕಾಯದೆ ಈಗಲೇ ಹುಡುಕಿಡಿ. ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ, ಆರ್‌ಸೆಟಿ ಎಂದು ಕರೆಯುತ್ತಾರೆ. ಊಟ, ವಸತಿ ಸೇರಿ ತರಬೇತಿ ಉಚಿತ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆಯಂಥ ಕೋರ್ಸುಗಳಿರುತ್ತವೆ. ಐಟಿಐ ಆದವರಿಗೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿವೆ. ತಿಕೋಟಾ ಕಡೆ ಒಣದ್ರಾಕ್ಷಿಯ ಹಂಗಾಮಿನಲ್ಲಿ ಲೆಕ್ಕಪತ್ರ ಬರೆಯಲು ಓದಿದ ಹುಡುಗರು ಬೇಕಾಗುತ್ತಾರೆ. ಡಿಗ್ರಿ ಅರ್ಧಕ್ಕೆ ಬಿಟ್ಟವರಿಗೆ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿಯೇ ಇದೆ. ಹೊಸದಾಗಿ ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದವರು ರಾಜ್ಯ ಸರ್ಕಾರದ ಯುವನಿಧಿಗೆ ಸೇವಾಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಅದು ಸಿಗುವುದಿಲ್ಲ.

ಇಲ್ಲಿ ಜಾರುವುದು ಹೇಗೆ ಅಂದರೆ, ನಿಲ್ಲಿಸುವ ದಿನ ಹತ್ತಿರ ಬಂದಾಗ ಹೊಸ ಅಧಿಸೂಚನೆಯ ಸುದ್ದಿ ಟೆಲಿಗ್ರಾಮ್ ಗುಂಪಿನಲ್ಲಿ ಬರುತ್ತದೆ. "ಶೀಘ್ರದಲ್ಲೇ" ಎಂದಿರುತ್ತದೆ. ಶೀಘ್ರ ಅಂದರೆ ಆರು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು. ರಾಜ್ಯಪತ್ರದಲ್ಲಿ ಬಂದದ್ದಕ್ಕೆ ಮಾತ್ರ ದಿನ ಬದಲಿಸಿ, ಗುಂಪಿನಲ್ಲಿ ಬಂದದ್ದಕ್ಕೆ ಬೇಡ.

ಹಂತ 6: ಮನೆಗೆ, ನೆಂಟರಿಗೆ ಉತ್ತರ ತಯಾರಿಡಿ

ಗೋಳಗುಮ್ಮಟದೊಳಗೆ ಒಮ್ಮೆ ಕೂಗಿದ್ದು ಏಳು ಸಲ ಕೇಳುತ್ತದೆ. ನೆಂಟರ ಪ್ರಶ್ನೆಯೂ ಹಾಗೇ. ಅತ್ತಿ ಕೇಳುವುದು ಒಮ್ಮೆ, ರಾತ್ರಿ ತಲೆಯಲ್ಲಿ ಏಳು ಸಲ. ಪ್ರಶ್ನೆ ಬರುವ ದಿನಗಳು ಮೊದಲೇ ಗೊತ್ತಿರುತ್ತವೆ: ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲದಲ್ಲಿ ಕೂಡಿದಾಗ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ, ಬನದ ಹುಣ್ಣಿವೆಗೆ ಬಾದಾಮಿಗೆ ಹೋದಾಗ, ಬೇಸಿಗೆಯ ಮದುವೆಗಳಲ್ಲಿ. ತಪ್ಪಿಸಿಕೊಳ್ಳಬೇಡಿ. ತಪ್ಪಿಸಿಕೊಂಡರೆ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆಯೂ ತಪ್ಪುತ್ತದೆ, ಸುದ್ದಿಯೂ ಬೆಳೆಯುತ್ತದೆ.

ಉತ್ತರ ಗಿಡ್ಡ ಇರಬೇಕು, ಖರೆ ಇರಬೇಕು, ಪ್ರಶ್ನೆಯಲ್ಲಿ ಮುಗಿಯಬೇಕು.

"ಏನಪಾ, ನೌಕರಿ ಹತ್ತಿತಿಲ್ಲೋ?"
"ಇನ್ನೂ ಇಲ್ರೀ ಕಾಕಾ. ಬರೂ ಮಾರ್ಚ್ ತನಕಾ ಓದತೀನಿ, ಆಮ್ಯಾಲ ಕೆಲಸಕ್ಕ ಹಚ್ಚಗೋತೀನಿ. ನಿಮ್ಮ ಕಬ್ಬು ಕಾರ್ಖಾನಿಗೆ ಹೋತೇನ್ರೀ?"

"ಯವ್ವಾ, ಲಗ್ನ ಯಾವಾಗ?"
"ಬಿ.ಎಡ್ ಮುಗೀಲಿ ಅತ್ತಿ, ಅಪ್ಪಾರ ಕೂಡ ಮಾತಾಡೀನಿ. ನಿಮ್ಮ ಸೊಸಿ ಹೆಂಗದಾಳ, ಬಾಣಂತನಕ್ಕ ಹ್ವಾದ್ಲೇನು?"

ನಕಲು ಮಾಡಲು ಕೊಟ್ಟಿಲ್ಲ, ಧಾಟಿ ತಿಳಿಯಲಿ ಎಂದು ಕೊಟ್ಟೆ. ಕಬ್ಬಿನ ಬಿಲ್ಲಿನ ವಿಷಯ ಎತ್ತಿದರೆ ಕಾಕಾ ಅರ್ಧ ತಾಸು ನಿಮ್ಮನ್ನು ಮರೆಯುತ್ತಾರೆ.

ಮನೆಯವರಿಗೆ ಮಾತ್ರ ಗಿಡ್ಡ ಉತ್ತರ ಸಾಲದು. 3ನೇ ಮತ್ತು 5ನೇ ಹಂತದ ಪುಟಗಳನ್ನು ಅಪ್ಪ-ಅವ್ವನ ಮುಂದೆ ಇಟ್ಟು ಓದಿ ಹೇಳಿ. ಓದಲು ಬಾರದ ತಂದೆತಾಯಿಗೂ ದಿನಾಂಕ ತಿಳಿಯುತ್ತದೆ, ರೊಕ್ಕ ತಿಳಿಯುತ್ತದೆ. ಅವರ ಸಿಟ್ಟಿನಲ್ಲಿ ಅರ್ಧ ಪಾಲು, ಇದು ಎಲ್ಲಿಗೆ ಮುಟ್ಟುತ್ತದೆ ಎಂದು ಗೊತ್ತಿಲ್ಲದ ಕಳವಳ. ಮಾತಾಡಲು ರಾತ್ರಿ ಊಟದ ನಂತರದ ಹೊತ್ತು ಒಳ್ಳೆಯದು, ನೆಂಟರು ಇದ್ದಾಗ ಬೇಡವೇ ಬೇಡ. ಮಗಳಾಗಿದ್ದರೆ, ಅಪ್ಪನಿಗೆ ನೇರ ಹೇಳುವುದು ಕಷ್ಟವಾದರೆ, ಮೊದಲು ಒಬ್ಬರನ್ನು ನಿಮ್ಮ ಕಡೆ ಮಾಡಿಕೊಳ್ಳಿ. ಸೋದರಮಾವ, ದೊಡ್ಡಕ್ಕ, ನಿಮಗೆ ಕಲಿಸಿದ ಮೇಡಂ, ಯಾರಾದರೂ ಸರಿ.

ಒಂದನ್ನು ಮಾತ್ರ ಮಾಡಬೇಡಿ: "ರಿಸಲ್ಟ್ ಬರೂದೈತಿ" ಎಂಬ ಸುಳ್ಳು. ನಾನೂ ಒಂದು ವರ್ಷ ಆ ಸುಳ್ಳಿನ ಮೇಲೆ ಬದುಕಿದೆ. ಪ್ರತಿ ವಾರ ಅದಕ್ಕೊಂದು ಮರಿ ಸುಳ್ಳು ಹುಟ್ಟಿಸಬೇಕಾಗುತ್ತದೆ, ಓದಲು ತಲೆ ಉಳಿಯುವುದಿಲ್ಲ.

ಹಂತ 7: ಮೊಬೈಲ್

ಇದಕ್ಕೆ ಹೆಚ್ಚು ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. 2ನೇ ಹಂತದ ಎರಡನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರ ಸ್ಟೇಟಸ್‌ಗಳನ್ನು ಮೂರು ತಿಂಗಳು ಮ್ಯೂಟ್ ಮಾಡಿ. ಬ್ಲಾಕ್ ಬೇಡ, ಜಗಳಕ್ಕೆ ದಾರಿ. ಆರ್ಡರ್ ಕಾಪಿ ಕೈಗೆ ಬಂದ ದಿನ ಸ್ಟೇಟಸ್ ಇಡುತ್ತಾರೆ, ಪೋಸ್ಟಿಂಗ್ ಊರಲ್ಲಿ ಒಬ್ಬರೇ ಕೂತು ಉಪ್ಪಿಟ್ಟು ತಿನ್ನುವ ದಿನ ಇಡುವುದಿಲ್ಲ. ಆದರೆ ಅದೇ ಗೆಳೆಯನಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ. ಸ್ಟೇಟಸ್‌ನಲ್ಲಿ ದೊಡ್ಡದಾಗಿ ಕಂಡವನು ಫೋನಿನಲ್ಲಿ ಮೊದಲಿನಷ್ಟೇ ಇರುತ್ತಾನೆ.

ಹಂತ 8: ಹನ್ನೆರಡು ವಾರ, ಒಂದೇ ಕೆಲಸ

ಪಟ್ಟಿಯಲ್ಲಿ "ಖ" ಇರುವ, ಹನ್ನೆರಡು ವಾರದಲ್ಲಿ ಮುಗಿಯಬಲ್ಲ ಒಂದನ್ನು ಆರಿಸಿ. ಒಂದನ್ನೇ. ಬ್ಯಾಕ್‌ಲಾಗ್ ಉಳಿದ ಒಂದು ಸಬ್ಜೆಕ್ಟ್, ಜೂನಿಯರ್ ಟೈಪಿಂಗ್‌ನ ಅಭ್ಯಾಸ, ಡ್ರೈವಿಂಗ್ ಲೈಸೆನ್ಸ್, ಆದಾಯ ಮತ್ತು ಜಾತಿ ಪ್ರಮಾಣಪತ್ರದ ನವೀಕರಣ, ಅಂಕಪಟ್ಟಿಯಲ್ಲಿ ತಪ್ಪಿದ ಹೆಸರಿನ ತಿದ್ದುಪಡಿ. ಸಣ್ಣ ಕೆಲಸ ಅನ್ನಿಸಿದರೆ ಒಳ್ಳೆಯದೇ. ವರ್ಷಗಟ್ಟಲೆ ಫಲಿತಾಂಶ ಕಾದವರಿಗೆ ತಮ್ಮ ಕೈಯಿಂದ ಒಂದು ಕೆಲಸ ಪೂರ್ತಿ ಮುಗಿದ ನೆನಪೇ ಹೋಗಿರುತ್ತದೆ.

ರವಿವಾರ ಸಂಜೆ ಎರಡು ಸಾಲು: ಈ ವಾರ ಏನು ಮಾಡಿದೆ, ಮುಂದಿನ ವಾರ ಏನು. ಒಂದು ವಾರ ತಪ್ಪಿದರೆ ಆ ಪುಟ ಖಾಲಿ ಬಿಟ್ಟು ಮುಂದಿನದಕ್ಕೆ ಹೋಗಿ, ಮೊದಲಿನಿಂದ ಶುರು ಮಾಡಬೇಡಿ. ಪಟ್ಟಿಯಲ್ಲಿ ಏಳು ಕೆಲಸ ಹಾಕಿಕೊಂಡು ಮೊದಲ ವಾರವೇ ಸುಸ್ತಾಗುವುದು, ಹೊಸ ನೋಟ್‌ಬುಕ್ ತಂದು ಮೊದಲ ಪುಟ ಚೆಂದ ಬರೆಯುವುದರಲ್ಲಿಯೇ ವಾರ ಕಳೆಯುವುದು, ಇವೆರಡೂ ನನಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಹನ್ನೆರಡನೇ ರವಿವಾರ ನೋಟ್‌ಬುಕ್ ತಿರುವಿ ಮೊದಲ ಹಾಳೆಗೆ ಬನ್ನಿ. ಹಳೆಯದನ್ನು ಮುಚ್ಚಿಕೊಂಡು, ಅದೇ ಮೂರು ಕಾಲಂ ಹೊಸ ಹಾಳೆಯಲ್ಲಿ ತುಂಬಿ. ಎರಡನೇ ಕಾಲಂನಲ್ಲಿ ಯಾರ ಹೆಸರು ಉಳಿಯಿತು, ಯಾರದು ಬಿಟ್ಟುಹೋಯಿತು ನೋಡಿ. ಮುಂದಿನ ಕೆಲಸವನ್ನು "ಖ" ಸಾಲುಗಳಲ್ಲಿ ಹತ್ತಿರದ ದಿನಾಂಕ ಇರುವುದರಿಂದ ಎತ್ತಿಕೊಳ್ಳಿ. ಅಂಕಪಟ್ಟಿಯನ್ನು ಮರೆಯದೆ ವಾಪಸ್ ಟ್ರಂಕಿನಲ್ಲಿಡಿ.